ಕೇಳಿ ನೋಡಿ: ಈ ಮೆಷಿನ್ ಓಡುತ್ತೆ, ಮೊದಲು ಹಿಡ್ಕೊಳ್ಳೋದು ಕಲೀರಿ

ಹೋದ ತಿಂಗಳು ಈ ಅಂಕಣದಲ್ಲಿ ಹಳೆ ಬಾಗಿಲು ಹೊಸದು ಮಾಡೋದು ಹೇಗೆ ಅಂತ ಒಬ್ಬರು ಕೇಳಿದ್ರು, ನಾನು ಮಾತಿನ ಮಧ್ಯೆ "ಕೈಯಲ್ಲಿ ಬೆಲ್ಟ್ ಸ್ಯಾಂಡರ್ ಇದ್ರೆ ಅರ್ಧ ದಿನದ ಕೆಲಸ" ಅಂತ ಒಂದು ಸಾಲು ಬರೆದುಬಿಟ್ಟೆ. ಬೆಲ್ಟ್ ಸ್ಯಾಂಡರ್ ಅಂದ್ರೆ ಸ್ಯಾಂಡ್ ಪೇಪರಿನ ಬೆಲ್ಟ್ ಓಡಿಸಿ ಮರ ಉಜ್ಜೋ ಮೆಷಿನ್. ಆ ಒಂದು ಸಾಲಿಗೆ ಬಂದಿರೋ ಪತ್ರ ನೋಡಿ ನಂಗೇ ಭಯ ಆಯ್ತು, ಯಾಕಂದ್ರೆ ಸುಮಾರು ಜನ ಅದನ್ನ ಓದಿ ಮೆಷಿನ್ ತಂದೇಬಿಟ್ಟಿದಾರೆ, ತಂದಮೇಲೆ ಈಗ ಹೇಗೆ ಹಿಡ್ಕೋಬೇಕು ಅಂತ ಕೇಳ್ತಿದಾರೆ. ತಪ್ಪು ನಂದೇ. ಈ ಸಲದ ಅಂಕಣ ಪೂರ್ತಿ ಅದೊಂದಕ್ಕೇ.

ಪ್ರ: ಸರ್, ನಮ್ದು ತೀರ್ಥಹಳ್ಳಿ ಹತ್ರ ಹಳೆ ಮನೆ, ಎದುರು ಬಾಗಿಲು ಹಲಸಿಂದು, ಅಜ್ಜನ ಕಾಲದ್ದು. ನೀವು ಬರೆದದ್ದು ಓದಿ ಮೂರು ಇಂಚಿನ ಬೆಲ್ಟ್ ಸ್ಯಾಂಡರ್ ತಂದೆ. ಬಾಗಿಲು ಬಿಚ್ಚಿ ಜಗಲಿ ಮೇಲೆ ಎರಡು ಸ್ಟೂಲ್ ಇಟ್ಟು ಮಲಗಿಸಿದೆ. ಮೆಷಿನ್ನು ಬಾಗಿಲ ಮೇಲೆ ಇಟ್ಕೊಂಡೇ ಸ್ವಿಚ್ ಒತ್ತಿ, ಅಂಗಡಿಯವನು ತೋರಿಸಿದ ಹಾಗೆ, ಬೆರಳು ಬಿಟ್ರೂ ಓಡ್ತಾನೇ ಇರೋ ಹಾಗೆ ಮಾಡೋ ಲಾಕ್ ಬಟನ್ನೂ ಒತ್ತಿದೆ. ಅಷ್ಟೇ, ಅದು ಕೈಯಿಂದ ಕಿತ್ಕೊಂಡು ಬಾಗಿಲುದ್ದಕ್ಕೂ ಓಡಿ ಆಚೆ ಕಡೆ ಅಂಗಳಕ್ಕೆ ಹಾರಿ ಬಿತ್ತು. ನಾಯಿ ಇನ್ನೂ ಜಗಲಿ ಹತ್ತಿಲ್ಲ. ಮೆಷಿನ್ನೇ ಕೆಟ್ಟದ್ದಾ, ಅಥವಾ ನಂಗೆ ಗೊತ್ತಾಗ್ಲಿಲ್ವಾ? ಬಾಗಿಲ ಮೇಲೆ ಒಂದು ಕಡೆ ಗುಂಡಿನೂ ಬಿದ್ದಿದೆ.

ಉ: ಮೆಷಿನ್ ಸರಿಯಾಗೇ ಇದೆ ಸಾರ್, ಅದು ಮಾಡಬೇಕಾದ ಕೆಲಸನೇ ಮಾಡಿದೆ. ಗರಗಸದ ಮೆಷಿನ್ ಕಂಡ್ರೆ ಎಲ್ರಿಗೂ ಭಯ, ಹಲ್ಲು ಕಾಣುತ್ತಲ್ಲ. ಇದಕ್ಕೆ ಹಲ್ಲಿಲ್ಲ, ನೋಡೋಕೆ ಇಸ್ತ್ರಿ ಪೆಟ್ಟಿಗೆ ಥರ ಇದೆ, ಹಾಗಾಗಿ ಜನ ಇಸ್ತ್ರಿ ಪೆಟ್ಟಿಗೆ ಹಿಡಿದ ಹಾಗೇ ಹಿಡೀತಾರೆ. ಆದ್ರೆ ಅದು ಇಸ್ತ್ರಿ ಪೆಟ್ಟಿಗೆ ಅಲ್ಲ, ಹಿಟಾಚಿ. ತೋಟದಲ್ಲಿ ಕಾಲುವೆ ತೆಗೆಯೋಕೆ ಬರುತ್ತಲ್ಲ, ಚೈನ್ ಮೇಲೆ ಹೋಗೋ ಗಾಡಿ, ಅದೇ. ಚೈನಿನ ಬದಲು ಸ್ಯಾಂಡ್ ಪೇಪರಿನ ಬಳೆ, ಹಿಂದೆ ಒಂದು ಉರುಳೆ, ಮುಂದೆ ಒಂದು ಉರುಳೆ, ಮೋಟರು ಹಿಂದಿನ ಉರುಳೆ ತಿರುಗಿಸುತ್ತೆ. ನೆಲಕ್ಕೆ ಇಟ್ಟು ಆನ್ ಮಾಡಿದ್ರೆ ಹಿಟಾಚಿ ಏನ್ ಮಾಡುತ್ತೆ? ಹೋಗುತ್ತೆ.

ಎಷ್ಟು ಜೋರಾಗಿ ಅಂತ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಸಿಗೋ ಮೆಷಿನ್‌ಗಳಲ್ಲಿ ಬೆಲ್ಟು ನಿಮಿಷಕ್ಕೆ 200 ಮೀಟರಿಂದ 500 ಮೀಟರ್ ತನಕ ಓಡುತ್ತೆ. 300 ಅಂತ ಇಟ್ಕೊಂಡ್ರೂ ಗಂಟೆಗೆ 18 ಕಿಲೋಮೀಟರ್, ಸೈಕಲ್ ಜೋರಾಗಿ ತುಳಿದಷ್ಟು. ನಿಮ್ಮ ಮೂರು ಇಂಚು ಅಗಲದ ಮೆಷಿನ್ನಿಗೆ 533 ಮಿಲಿಮೀಟರ್ ಸುತ್ತಳತೆಯ ಬೆಲ್ಟ್ ಇದ್ರೆ ಅದು ಸೆಕೆಂಡಿಗೆ ಒಂಬತ್ತು ಸುತ್ತು ಹಾಕಿರುತ್ತೆ. ಬೆರಳು ತಾಗಿದ್ರೆ ಕತ್ತರಿಸಲ್ಲ, ನಿಜ, ಆದ್ರೆ ಅಯ್ಯೋ ಅನ್ನೋದ್ರೊಳಗೆ ಒಂಬತ್ತು ಸಲ ಉಜ್ಜಿರುತ್ತೆ, ಆ ಗಾಯ ಕತ್ತರಿಸಿದ ಗಾಯಕ್ಕಿಂತ ನಿಧಾನ ಮಾಯೋದು.

ಈಗ ದಿಕ್ಕು. ಬೆಲ್ಟಿನ ತಳಭಾಗ ಮುಂದಿನಿಂದ ನಿಮ್ಮ ಕಡೆಗೆ ಓಡುತ್ತೆ. ಅಂದ್ರೆ ಮೆಷಿನ್ನು ನಿಮ್ಮಿಂದ ದೂರಕ್ಕೆ ಎಳೆಯುತ್ತೆ, ಮರ ನಿಮ್ಮ ಹೊಟ್ಟೆ ಕಡೆಗೆ ಬರೋಕೆ ನೋಡುತ್ತೆ. ಇದು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ನಿಮ್ಮ ಬಾಗಿಲು ಭಾರ ಇತ್ತು, ಮರ ಅಲ್ಲಾಡ್ಲಿಲ್ಲ, ಮೆಷಿನ್ ಓಡ್ತು. ಅದೇ ಒಂದು ಸಣ್ಣ ಹಲಗೆ ತುಂಡಾಗಿದ್ರೆ ಮೆಷಿನ್ ಅಲ್ಲೇ ಇದ್ದು ಹಲಗೆ ಹಿಂದಕ್ಕೆ ಹಾರಿ ನಿಮ್ಮ ಹೊಟ್ಟೆಗೆ ಬಡೀತಿತ್ತು. ಹಾಗಾಗಿ ಯಾವ ಮರ ಆದ್ರೂ ಮೊದಲು ಕಟ್ಟಿಹಾಕ್ಬೇಕು, ಎರಡು ಸಿ ಕ್ಲಾಂಪ್ ಸಾಕು, ಕ್ಲಾಂಪ್ ಹಿಡಿಯೋಕೆ ಜಾಗ ಇಲ್ಲ ಅಂದ್ರೆ ಟೇಬಲ್ಲಿಗೆ ಒಂದು ರೀಪು ಹೊಡೆದು ಅದಕ್ಕೆ ಮರ ಒತ್ತಿ ಇಡಿ. ರೀಪು ನಿಮ್ಮ ಕಡೆ ಇರ್ಬೇಕು, ಆಚೆ ಕಡೆ ಅಲ್ಲ, ಇದನ್ನ ಸುಮಾರು ಜನ ಉಲ್ಟಾ ಮಾಡ್ತಾರೆ. ಮತ್ತೆ ಆ ರೀಪು ಮರಕ್ಕಿಂತ ತೆಳ್ಳಗಿರ್ಲಿ, ಇಲ್ಲಾಂದ್ರೆ ಮೆಷಿನ್ ಹೋಗಿ ಅದಕ್ಕೇ ಗುದ್ದುತ್ತೆ. ಸ್ಟೂಲಂತೂ ಬೇಡ್ವೇ ಬೇಡ. ಬಾಗಿಲಿಗೆ ಎರಡು ಗಟ್ಟಿ ಕುದುರೆ (ಬಡಗಿಗಳು ಮರ ಇಡೋ ಕಾಲಿನ ಸ್ಟ್ಯಾಂಡ್) ಮಾಡ್ಕೊಳ್ಳಿ, ಸೊಂಟದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರೋ ಹಾಗೆ.

ಮರ ಕಟ್ಟಿದ್ಮೇಲೆ, ಎರಡೂ ಕೈ. ಹಿಂದಿನ ಹಿಡಿಗೆ ಬಲಗೈ, ಮುಂದಿನ ಗುಬ್ಬಿಗೆ (ನಾಬಿಗೆ) ಎಡಗೈ, ಒಂದು ಕೈಲಿ ಫೋನು ಇನ್ನೊಂದು ಕೈಲಿ ಸ್ಯಾಂಡರು ಹಿಡಿದಿರೋರನ್ನೂ ನೋಡಿದೀನಿ. ಮೆಷಿನ್ನು ಮರದಿಂದ ಎರಡು ಇಂಚು ಮೇಲೆತ್ತಿ ಹಿಡಿದು ಆನ್ ಮಾಡಿ, ಪೂರ್ತಿ ಸ್ಪೀಡ್ ಬರ್ಲಿ, ಬಂದ್ಮೇಲೆ ಕೊಕ್ಕರೆ ಗದ್ದೆಗೆ ಇಳಿಯುತ್ತಲ್ಲ ಹಾಗೆ ಮುಂದೆ ಹೋಗ್ತಾ ಹೋಗ್ತಾನೇ ಇಳಿಸಿ, ಮೊದಲು ಹಿಂಭಾಗ ತಾಗ್ಲಿ ಆಮೇಲೆ ತಳ ಪೂರ್ತಿ ಕೂರ್ಲಿ. ಇಳಿದ ಕ್ಷಣದಿಂದ ನಿಲ್ಲಿಸೋ ಹಾಗಿಲ್ಲ, ಮುಂದೆ ಹಿಂದೆ ಹೋಗ್ತಾನೇ ಇರ್ಬೇಕು, ಅರ್ಧ ಅರ್ಧ ಪಟ್ಟಿ ಒಂದರ ಮೇಲೊಂದು ಬರೋ ಹಾಗೆ. ಎರಡು ಸೆಕೆಂಡ್ ಒಂದೇ ಕಡೆ ನಿಂತ್ರೆ ನಿಮ್ಮ ಬಾಗಿಲಲ್ಲಿ ಬಿದ್ದಿದೆಯಲ್ಲ ಆ ಗುಂಡಿ ಬೀಳುತ್ತೆ. ಮುಗಿಸುವಾಗ ಮೊದಲು ಮೇಲೆತ್ತಿ, ಆಮೇಲೆ ಆಫ್. ಆಫ್ ಮಾಡಿದ್ಮೇಲೂ ಬೆಲ್ಟು ಒಂದೆರಡು ಸೆಕೆಂಡ್ ಓಡುತ್ತೆ, ಅದು ಪೂರ್ತಿ ನಿಲ್ಲೋ ತನಕ ಕೆಳಗಿಡಬೇಡಿ.

ಒತ್ತೋದು ಬೇಡ. ಎರಡೂವರೆ ಕೆಜಿಯಿಂದ ಐದಾರು ಕೆಜಿ ಇರುತ್ತೆ ಮೆಷಿನ್ನೇ, ಆ ಭಾರ ಸಾಕು, ನಿಮ್ಮ ಕೆಲಸ ದಾರಿ ತೋರಿಸೋದಷ್ಟೇ. ಒತ್ತಿದ್ರೆ ಮೋಟರ್ ಬಿಸಿ, ಬೆಲ್ಟು ಬಿಸಿ, ಮರ ಸುಟ್ಟು ಕಪ್ಪು. ಕೆಲಸ ಮುಂದೆ ಹೋಗ್ತಿಲ್ಲ ಅನ್ನಿಸಿದ್ರೆ ಬೆಲ್ಟು ಸವೆದಿದೆ ಅಂತ ಅರ್ಥ, ನಿಮ್ಮ ತೋಳಿನ ಶಕ್ತಿ ಕಮ್ಮಿ ಆಗಿದೆ ಅಂತಲ್ಲ. ಅಂಚಿಗೆ ಬಂದಾಗ ಮೆಷಿನ್ನಿನ ಅರ್ಧಕ್ಕಿಂತ ಜಾಸ್ತಿ ಮರದ ಆಚೆ ಹೋಗದ ಹಾಗೆ ನೋಡ್ಕೊಳ್ಳಿ, ಹೋದ್ರೆ ಮೂತಿ ಕೆಳಗೆ ಜಗ್ಗಿ ಬಾಗಿಲಿನ ಅಂಚು ಬೋಳಾಗುತ್ತೆ.

ವೈರು ಯಾವಾಗ್ಲೂ ಬಲ ಭುಜದ ಮೇಲಿಂದ ಬೆನ್ನ ಹಿಂದೆ ಹೋಗ್ಲಿ. ಇದು ಮುಂದಕ್ಕೆ ಓಡೋ ಮೆಷಿನ್ ಅಂತ ಹೇಳಿದ್ನಲ್ಲ, ಮುಂದೆ ಬಿದ್ದಿರೋ ತನ್ನ ವೈರನ್ನೇ ತಾನು ತಿನ್ನುತ್ತೆ.

ಗುಂಡಿಗೆ ಬಂದ್ರೆ, ಗುಂಡಿಯೊಳಗೇ ಉಜ್ಜಿ ಸರಿ ಮಾಡೋಕೆ ಹೋಗಬೇಡಿ, ಅದು ಇನ್ನೂ ಆಳ ಆಗುತ್ತೆ. ಒಂದು ಮಿಲಿಮೀಟರ್ ಒಳಗಿದ್ರೆ 80 ನಂಬರ್ ಬೆಲ್ಟ್ (ನಂಬರ್ ಜಾಸ್ತಿ ಆದಷ್ಟೂ ನಯ) ಹಾಕಿ ಆ ಹಲಗೆ ಪೂರ್ತಿ ಸ್ವಲ್ಪ ಓರೆಯಾಗಿ ಒಂದು ಸುತ್ತು, ಆಮೇಲೆ ಮರದ ಎಳೆ ಹೋದ ದಿಕ್ಕಿಗೇ ಇನ್ನೊಂದು ಸುತ್ತು, ಕೊನೆಗೆ 120. ಅದಕ್ಕಿಂತ ಆಳ ಇದ್ರೆ ಬಿಡಿ, ಅಜ್ಜನ ಬಾಗಿಲಿಗೆ ಮೊಮ್ಮಗಂದೂ ಒಂದು ಗುರುತು ಇರ್ಲಿ.

ಪ್ರ: ಸರ, ಹುಬ್ಬಳ್ಳಿಯಾಗ ನಮ್ಮದೊಂದು ಸಣ್ಣ ಫರ್ನಿಚರ್ ಅಂಗಡಿ ಐತ್ರಿ. ಹೋದ ವಾರ ಕೆಲಸದ ಹುಡುಗ ಸ್ಯಾಂಡರ್ ಹೊಡಿಯಾಕತ್ತಿದ್ದ, ಕರೆಂಟ್ ಹೋತು. ಅಂವ ಮಷೀನ್ ಟೇಬಲ್ ಮ್ಯಾಲೆ ಇಟ್ಟು ಚಾ ಕುಡಿಯಾಕ ಹೋದ. ಇಪ್ಪತ್ತು ನಿಮಿಷ ಬಿಟ್ಟು ಕರೆಂಟ್ ಬಂತು ನೋಡ್ರಿ, ಮಷೀನ್ ತಾನ ಚಾಲೂ ಆಗಿ ಟೇಬಲ್ ಮ್ಯಾಲಿಂದ ಓಡಿ ಬಂದು, ಕೆಳಗ ಕುಂತು ಲೆಕ್ಕ ಬರಿಯಾಕತ್ತಿದ್ದ ನನ್ನ ತೊಡಿ ಮ್ಯಾಲೆ ಬಿತ್ತು. ಪ್ಯಾಂಟ್ ಹರದು ಚರ್ಮ ಕಿತ್ತು ಹೋಗೇತಿ. ಹುಡುಗನ ಕೇಳಿದ್ರ "ನಾ ಕೈ ಬಿಟ್ಟಿದ್ದೆ, ಆಫ್ ಆಗಿತ್ತು" ಅಂತಾನ. ಯಾರ ಮಾತು ನಂಬಬೇಕ್ರಿ?

ಉ: ಹುಡುಗ ಸುಳ್ಳು ಹೇಳ್ತಿಲ್ಲ ಯಜಮಾನ್ರೇ, ಬೈಬೇಡಿ. ಅವನು ಬೆರಳು ತೆಗೆದಿದ್ದು ನಿಜ, ಆದ್ರೆ ಪಕ್ಕದ ಲಾಕ್ ಬಟನ್ ಒಳಗೇ ಇತ್ತು. ಕರೆಂಟ್ ಇದ್ದಾಗ ಆಫ್ ಆಗಿದ್ಯಾ ಇಲ್ವಾ ಅಂತ ಕಿವಿಗೇ ಗೊತ್ತಾಗುತ್ತೆ, ಕರೆಂಟ್ ಹೋದಾಗ ಆನ್ ಆಗಿರೋ ಮೆಷಿನ್ನೂ ಆಫ್ ಆಗಿರೋ ಮೆಷಿನ್ನೂ ಒಂದೇ ಥರ ಸುಮ್ಮನಿರ್ತವೆ. ನಮ್ಮ ಊರುಗಳಲ್ಲಿ ಈ ಮೆಷಿನ್ನಿಂದ ಆಗೋ ಅನಾಹುತಗಳಲ್ಲಿ ನಂಗೆ ಜಾಸ್ತಿ ಭಯ ಇರೋದು ಇದೊಂದರದ್ದೇ, ಯಾಕಂದ್ರೆ ಕರೆಂಟ್ ಹೋಗಿ ಬರೋದು ನಮಗೆ ದಿನಾ ಇದ್ದದ್ದೇ, ಆದ್ರೆ ಮೆಷಿನ್ ಜೊತೆ ಬರೋ ಪುಸ್ತಕ ಯಾರೂ ಓದಲ್ಲ. ಕೆಲವು ಹೊಸ ಪವರ್ ಟೂಲ್‌ಗಳಲ್ಲಿ ಕರೆಂಟ್ ವಾಪಸ್ ಬಂದ್ರೂ ತಾನಾಗೇ ಶುರು ಆಗದ ಹಾಗೆ ವ್ಯವಸ್ಥೆ ಇರುತ್ತೆ, ಕೈಲಿ ಹಿಡಿಯೋ ಕಮ್ಮಿ ರೇಟಿನ ಸ್ಯಾಂಡರ್‌ಗಳಲ್ಲಿ ಅದನ್ನ ನಿರೀಕ್ಷೆ ಮಾಡಬೇಡಿ.

ಹುಡುಗನಿಗೆ ಎರಡು ಅಭ್ಯಾಸ ಮಾಡಿಸಿ. ಕರೆಂಟ್ ಹೋಯ್ತು ಅಂದ ತಕ್ಷಣ ಸ್ವಿಚ್ಚನ್ನ ಒಂದು ಸಲ ಪೂರ್ತಿ ಒತ್ತಿ ಬಿಡೋದು, ಟಪ್ ಅಂತ ಲಾಕ್ ಆಚೆ ಬರುತ್ತೆ, ಆಮೇಲೆ ಗೋಡೆಯಿಂದ ಪ್ಲಗ್ ಕೀಳೋದು, ಅದಾದ್ಮೇಲೆ ಚಾ. ಪ್ಲಗ್ ಹಾಕೋಕೆ ಮುಂಚೆನೂ ಅಷ್ಟೇ, ಕೈಯಲ್ಲಿ ಒಂದು ಸಲ ಸ್ವಿಚ್ ಒತ್ತಿ ಬಿಟ್ಟು ನೋಡಿ ಹಾಕೋದು. ನನ್ನ ಕೇಳಿದ್ರೆ ಲಾಕ್ ಬಟನ್ ಉಪಯೋಗಿಸೋದೇ ಬೇಡ ಅಂತೀನಿ, ಬೆರಳು ನೋಯುತ್ತೆ ಅಂತ ಅದನ್ನ ಇಟ್ಟಿದಾರೆ, ಬೆರಳು ನೋವು ಬಂದಾಗ ಐದು ನಿಮಿಷ ಬಿಡುವು ತಗೊಂಡ್ರೆ ಮೋಟರಿಗೂ ಒಳ್ಳೇದು. ದಿನಪೂರ್ತಿ ಇದೇ ಕೆಲಸ ಮಾಡೋರು ನನ್ನ ಮಾತಿಗೆ ನಗ್ತಾರೆ, ನಗ್ಲಿ. ತೀರ್ಥಹಳ್ಳಿಯವರ ನಾಯಿ ನಗಲ್ಲ.

ಇನ್ನೊಂದು, ಮೆಷಿನ್ ಆಫ್ ಆದ್ಮೇಲೂ ಟೇಬಲ್ ಮೇಲೆ ಬೆಲ್ಟು ಕೆಳಗಾಗಿ ನಿಲ್ಲಿಸಬೇಡಿ, ಮಗ್ಗುಲಾಗಿ ಮಲಗಿಸಿ. ಅಕಸ್ಮಾತ್ ಶುರು ಆದ್ರೂ ಗಾಳಿಯಲ್ಲಿ ತಿರುಗುತ್ತೆ, ಓಡಲ್ಲ.

ಅಂಗಡಿ ವೈರಿಂಗ್ ಬಗ್ಗೆನೂ ಒಂದು ಮಾತು. 800 ವಾಟ್ ಮೆಷಿನ್ ಅಂದ್ರೆ ಮೂರೂವರೆ ಆಂಪ್ಸ್, ಮನೆ ಪ್ಲಗ್ ಸಾಕು, ಆದ್ರೆ ಎಕ್ಸ್‌ಟೆನ್ಷನ್ ಅಂತ ಸೀರಿಯಲ್ ಸೆಟ್ಟಿನ ವೈರಿಗೆ ಪ್ಲಗ್ ಕಟ್ಟಿಕೊಂಡಿರ್ತಾರೆ, ಅದು ಬೇಡ. 1.5 ಸ್ಕ್ವೇರ್ ಎಂಎಂ ವೈರು ತಗೊಳ್ಳಿ, ಸುರುಳಿ ಇದ್ರೆ ಪೂರ್ತಿ ಬಿಚ್ಚಿ ಇಡಿ, ಸುತ್ತಿದ ಹಾಗೇ ಬಿಟ್ರೆ ಒಳಗೊಳಗೇ ಕಾಯುತ್ತೆ. ಮೆಷಿನ್ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ರೆ ಅದು ಡಬಲ್ ಇನ್ಸುಲೇಷನ್, ಅದಕ್ಕೆ ಎರಡೇ ಪಿನ್ ಇರೋದು ತಪ್ಪಲ್ಲ. ಆದ್ರೂ ಅಂಗಡಿ ಬೋರ್ಡಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್ ಅದು, ಮೆಷಿನ್ ತನ್ನ ವೈರನ್ನ ತಾನೇ ತಿಂದ ದಿನ ಅದು ನಿಮ್ಮ ಪ್ರಾಣ ಉಳಿಸುತ್ತೆ.

ನಿಮ್ಮ ತೊಡೆ ಗಾಯ ಡಾಕ್ಟರಿಗೆ ತೋರಿಸಿದ್ರಾ? ಬೆಲ್ಟಿನ ಪುಡಿ, ಮರದ ಧೂಳು ಎರಡೂ ಗಾಯದೊಳಗೆ ಕೂತಿರುತ್ತೆ, ನಲ್ಲಿ ನೀರಲ್ಲಿ ಚೆನ್ನಾಗಿ ತೊಳೀಬೇಕು, ಟಿಟಿ ಇಂಜೆಕ್ಷನ್ನು ಕೇಳಿ. ಅರಿಶಿನ ಮೆತ್ತಿ ಕೂರೋ ಗಾಯ ಅಲ್ಲ ಅದು.

ಪ್ರ: ನಮಸ್ತೆ, ನಾನು ಪುತ್ತೂರಿನ ಹತ್ತಿರ ಹೈಸ್ಕೂಲ್ ಟೀಚರ್. ರಜೆಯಲ್ಲಿ ಮಕ್ಕಳಿಗೆ ಓದುವ ಟೇಬಲ್ ನಾನೇ ಮಾಡಿದೆ, ಈಗ ಉಜ್ಜುವ ಕೆಲಸ ಬಾಕಿ. ಮೆಷಿನ್ ತಮ್ಮನದ್ದು. ಗ್ಲೌಸ್ ಹಾಕಬೇಕಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಜಗಳ. ನಮ್ಮವರು "ಮೊದಲು ಬಳೆ ತೆಗಿ, ಆಮೇಲೆ ಗ್ಲೌಸ್ ಮಾತಾಡು" ಅಂತ ನಗಾಡ್ತಾರೆ.

ಉ: ಟೀಚರೇ, ಈ ಸಲ ನಿಮ್ಮವರ ಕಡೆ ಮಾರ್ಕು. ಬಳೆ, ಕರಿಮಣಿ ಸರ, ಚೂಡಿದಾರದ ವೇಲು, ಸೀರೆ ಸೆರಗು, ಬಿಟ್ಟ ಜಡೆ, ಯಾವುದೂ ಬೇಡ. ಕರಿಮಣಿ ತೆಗೆಯೋಕೆ ಮನಸ್ಸು ಒಪ್ಪಲ್ಲ ಅಂದ್ರೆ ರವಿಕೆ ಒಳಗೆ ಹಾಕಿ ಮೇಲೊಂದು ಗುಂಡಿ ಹಾಕೋ ಶರ್ಟ್ ಹಾಕ್ಕೊಳ್ಳಿ, ಜಡೆ ಸುತ್ತಿ ಗಂಟು ಹಾಕಿ ಬಟ್ಟೆ ಕಟ್ಟಿ. ಈ ಮೆಷಿನ್ನಿಗೆ ಬಗ್ಗಿ ಕೆಲಸ ಮಾಡ್ಬೇಕಲ್ಲ, ಬಗ್ಗಿದಾಗ ಮೈಮೇಲೆ ಇರೋದೆಲ್ಲ ಬೆಲ್ಟಿನ ಹತ್ರ ಜೋತಾಡುತ್ತೆ. ಆದ್ರೆ ನಿಮ್ಮವರಿಗೂ ಹೇಳಿ, ಪಂಚೆ ಎತ್ತಿ ಕಟ್ಟಿ ಹವಾಯಿ ಚಪ್ಪಲಿ ಹಾಕ್ಕೊಂಡು ಸ್ಯಾಂಡರ್ ಹಿಡಿಯೋ ಗಂಡಸರು ನಗೋ ಹಾಗಿಲ್ಲ. ಪಂಚೆ ತುದಿ ಸಿಕ್ಕಿಕೊಂಡ್ರೆ ಬಿಚ್ಚೋಕೂ ಟೈಮ್ ಸಿಗಲ್ಲ. ಪ್ಯಾಂಟು, ಬೆರಳು ಮುಚ್ಚೋ ಶೂ, ಮೊಣಕೈ ತನಕ ಮಡಚಿದ ತೋಳು ಅಥವಾ ಮಣಿಕಟ್ಟಿಗೆ ಬಿಗಿ ಗುಂಡಿ.

ಗ್ಲೌಸು ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಬಿಳಿ ಹತ್ತಿ ಗ್ಲೌಸ್ ಸಡಿಲ ಇರುತ್ತೆ, ನೂಲು ಆಚೆ ಬಂದಿರುತ್ತೆ, ಬೆಲ್ಟು ಅದರ ತುದಿ ಹಿಡಿದ್ರೆ ಬೆರಳನ್ನೂ ಜೊತೆಗೇ ಉರುಳೆ ಸಂದಿಗೆ ಕರ್ಕೊಂಡು ಹೋಗುತ್ತೆ. ಮರ ಹೊರುವಾಗ ಹಾಕ್ಕೊಳ್ಳಿ, ಮೆಷಿನ್ ಮುಟ್ಟುವಾಗ ತೆಗೀರಿ. ಕಣ್ಣಿಗೆ ಪಕ್ಕ ಮುಚ್ಚಿರೋ ಕನ್ನಡಕ ಬೇಕೇ ಬೇಕು, ಓದೋ ಕನ್ನಡಕ ಲೆಕ್ಕಕ್ಕಿಲ್ಲ.

ಕಿವಿಗೂ ಏನಾದ್ರೂ ಹಾಕ್ಕೊಳ್ಳಿ. ಈ ಮೆಷಿನ್ನುಗಳ ಸದ್ದು 90 ಡೆಸಿಬಲ್ ದಾಟೋದು ಮಾಮೂಲಿ. 85 ಡೆಸಿಬಲ್ ಆದ್ರೆ ದಿನಕ್ಕೆ ಎಂಟು ಗಂಟೆ ಕೇಳಬಹುದು, ಮೇಲೆ ಮೂರು ಮೂರು ಹೆಚ್ಚಾದ ಹಾಗೆ ಟೈಮು ಅರ್ಧ ಅರ್ಧ ಆಗ್ತಾ ಬರುತ್ತೆ ಅಂತ ಒಂದು ಲೆಕ್ಕ ಇದೆ, ನೀವು ಮೇಷ್ಟ್ರು, ಮಾಡಿ ನೋಡಿ, 94ಕ್ಕೆ ಒಂದೇ ಗಂಟೆ ಬರುತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಂಜಿನ ಇಯರ್ ಪ್ಲಗ್ ಸಾಕು. ಇಯರ್‌ಫೋನ್ ಹಾಕಿ ಹಾಡು ಕೇಳೋದು ಬೇರೆ, ಅದು ರಕ್ಷಣೆ ಅಲ್ಲ.

ಪ್ರ: ಶಿರಸಿಯಿಂದ. ಬೀಟೆಯ ಹಳೆ ಮಂಚ ಒಂದನ್ನ ಉಜ್ಜಿದೆ. ಮೆಷಿನ್ನಿಗೆ ಧೂಳಿನ ಚೀಲ ಇತ್ತು, ಮೂಗಿಗೆ ಕರವಸ್ತ್ರ ಕಟ್ಟಿದ್ದೆ. ಆದ್ರೂ ಎರಡು ದಿನ ಕೆಮ್ಮು, ಕುತ್ತಿಗೆ ಮೊಣಕೈ ಎಲ್ಲ ಕೆಂಪಗೆ ತುರಿಕೆ. ಮರದ ಧೂಳು ತಾನೇ, ನೈಸರ್ಗಿಕ ಅಲ್ವಾ?

ಉ: ನೈಸರ್ಗಿಕ ಅನ್ನೋ ಮಾತು ಕೇಳಿದ್ರೆ ನಂಗೆ ಗೇರು ಎಣ್ಣೆ ನೆನಪಾಗುತ್ತೆ. ಗೇರುಬೀಜದ ಸಿಪ್ಪೆ ಎಣ್ಣೆನೂ ನೈಸರ್ಗಿಕನೇ, ತುಟಿಗೆ ತಾಗಿಸಿ ನೋಡಿದೋರಿಗೆ ಗೊತ್ತು. ಬೀಟೆ, ಸಾಗುವಾನಿ ಎರಡರಲ್ಲೂ ಹುಳ ತಿನ್ನದ ಹಾಗೆ ಮರ ತಾನೇ ಮಾಡಿಕೊಂಡಿರೋ ರಸಗಳು ಇರ್ತವೆ, ಹುಳಕ್ಕೆ ಆಗದ್ದು ನಮ್ಮಲ್ಲೂ ಕೆಲವರ ಚರ್ಮಕ್ಕೆ ಆಗಲ್ಲ. ನೂರು ವರ್ಷದ ಹಳೆ ಮಂಚ ಆದ್ರೂ ಒಳಗಿನ ರಸ ಹಾಗೇ ಇರುತ್ತೆ, ಉಜ್ಜಿದಾಗ ಹೊಸದಾಗಿ ಎದ್ದು ಬರುತ್ತೆ. ಬೆವರಿದ ಮೈಗೆ ಅಂಟಿದ್ರೆ ಇನ್ನೂ ಜಾಸ್ತಿ, ಕುತ್ತಿಗೆ ಮತ್ತೆ ಮೊಣಕೈ ಮಡಿಕೆಯಲ್ಲೇ ನಿಮಗೆ ಬಂದಿದ್ದು ಅದಕ್ಕೇ. ಒಂದು ಸಲ ಹೀಗೆ ಅಲರ್ಜಿ ಆದೋರಿಗೆ ಮುಂದಿನ ಸಲ ಸ್ವಲ್ಪ ಧೂಳಿಗೇ ಬರಬಹುದು, ಚರ್ಮದ ಡಾಕ್ಟರ್ ಹತ್ರ ಒಂದು ಸಲ ಹೋಗಿ ಬನ್ನಿ.

ಕೆಮ್ಮಿನ ವಿಷಯ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅನ್ನೋ ಮೊದಲ ಪಟ್ಟಿಗೆ ಸೇರಿಸಿದೆ, ಮೂಗು ಮತ್ತೆ ಮೂಗಿನ ಪಕ್ಕದ ಪೊಳ್ಳುಗಳ ಕ್ಯಾನ್ಸರ್. ಒಂದು ಮಂಚ ಉಜ್ಜಿದ್ರೆ ಬರುತ್ತೆ ಅಂತಲ್ಲ, ಹೆದರಬೇಡಿ, ಅದು ವರ್ಷಗಟ್ಟಲೆ ಈ ಧೂಳಲ್ಲೇ ಇರೋ ಬಡಗಿಗಳ ಕಥೆ. ಐಟಿಐಲಿ ಹುಡುಗರಿಗೆ ಪಾಠ ಮಾಡುವಾಗ ನಾವ್ಯಾರೂ ಮಾಸ್ಕ್ ಹಾಕಿದ್ದೇ ಇಲ್ಲ, ಧೂಳು ಮೈಮೇಲೆ ಬಿದ್ರೆ ಕೆಲಸಗಾರ ಅಂತ ಹೆಮ್ಮೆ. ಈಗ ಬೇಜಾರಾಗುತ್ತೆ.

ಧೂಳಿನ ಚೀಲದ ಬಗ್ಗೆ ಹೇಳ್ಬೇಕಂದ್ರೆ ಅದು ಕಣ್ಣಿಗೆ ಕಾಣೋ ಹೊಟ್ಟು ಹಿಡಿಯುತ್ತೆ. ಬೆಳಗಿನ ಬಿಸಿಲು ಕಿಟಕಿಯಿಂದ ಕೋಲಿನ ಥರ ಒಳಗೆ ಬಿದ್ದಾಗ ಅದರಲ್ಲಿ ತೇಲೋದು ಕಾಣುತ್ತಲ್ಲ, ಪುಪ್ಪುಸಕ್ಕೆ ಹೋಗೋದು ಅದು, ಅದು ಚೀಲದ ಬಟ್ಟೆಯಿಂದ ನುಸುಳಿ ಆಚೆ ಬರುತ್ತೆ, ಕರವಸ್ತ್ರದಿಂದಲೂ ಅಷ್ಟೇ ಸಲೀಸಾಗಿ ಒಳಗೆ ಹೋಗುತ್ತೆ. ಎನ್95 ಮಾಸ್ಕ್ ಹಾಕಿ, ಕೊರೊನಾ ಕಾಲದಲ್ಲಿ ತಗೊಂಡಿದ್ದು ಪೆಟ್ಟಿಗೆಯಲ್ಲಿ ಹೊಸದಾಗೇ ಇದ್ರೆ ತೆಗೀರಿ, ಲಾಡಿ ಸಡಿಲ ಆಗಿದ್ರೆ ಬೇಡ. ಮೂಗಿನ ಮೇಲಿನ ಪಟ್ಟಿ ಒತ್ತಿ ಕೂರಿಸಬೇಕು, ಗಡ್ಡ ಇದ್ರೆ ಪಕ್ಕದಿಂದ ಗಾಳಿ ನುಗ್ಗುತ್ತೆ. ಕೆಲಸ ಅಂಗಳದಲ್ಲಿ ಮಾಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಸ್ವಲ್ಪ ಓರೆಯಾಗಿ ಬರೋ ಹಾಗೆ ನಿಂತ್ಕೊಳ್ಳಿ. ಮುಗಿದ್ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಹಾಕಿ ಮತ್ತೆ ಎಬ್ಬಿಸಬೇಡಿ, ಬ್ಲೋವರಂತೂ ಬೇಡ. ಬಟ್ಟೆ ಅಲ್ಲೇ ಕೊಡವಿ ಸೀದಾ ಬಚ್ಚಲಿಗೆ.

ಪ್ರ: ಬೆಂಗಳೂರು ಬಸವನಗುಡಿಯಲ್ಲಿ ಅಜ್ಜಿ ಮನೆ, ಕಿಟಕಿಗಳಿಗೆ ನಾಲ್ಕೈದು ಪದರ ಹಸಿರು ಎನಾಮಲ್ ಪೇಂಟ್. ಬೆಲ್ಟ್ ಸ್ಯಾಂಡರಲ್ಲಿ ಎಲ್ಲ ತೆಗೆದು ಸಾಗುವಾನಿ ಬಣ್ಣ ಬರಿಸೋಣ ಅಂತ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅವಳು ಮಲಗಿದಾಗ ಮಾಡಿದ್ರೆ ಆಗುತ್ತಾ?

ಉ: ಆಗಲ್ಲ ಅಮ್ಮಾ. ದಯವಿಟ್ಟು ಬೇಡ. ಸದ್ದಿಗಲ್ಲ ನಾನು ಹೇಳ್ತಿರೋದು.

ಹಳೆ ಎನಾಮಲ್ ಪೇಂಟಲ್ಲಿ ಹೆಚ್ಚಾಗಿ ಸೀಸ ಇರುತ್ತೆ, ಬಣ್ಣ ಹೊಳೀಲಿ, ಬೇಗ ಒಣಗಲಿ ಅಂತ ಹಾಕ್ತಿದ್ರು. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರ್ದು ಅಂತ ಕೇಂದ್ರ ಸರ್ಕಾರದ ನಿಯಮ ಬಂದಿದ್ದೇ 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರಲ್ಲಿ. ಅದಕ್ಕೂ ಹಿಂದಿನ ಪೇಂಟು ಅಂದ್ರೆ ಸೀಸ ಇದೆ ಅಂತಲೇ ಅಂದುಕೊಂಡು ಕೆಲಸ ಮಾಡಬೇಕು. ಮರಕ್ಕೆ ಅಂಟಿಕೊಂಡು ಸುಮ್ಮನಿರೋ ತನಕ ತೊಂದರೆ ಕಮ್ಮಿ, ಬೆಲ್ಟ್ ಸ್ಯಾಂಡರ್ ಇಟ್ರೆ ಐದು ನಿಮಿಷದಲ್ಲಿ ಅದನ್ನ ಹಿಟ್ಟು ಮಾಡಿ ಮನೆ ಪೂರ್ತಿ ಹಂಚಿಬಿಡುತ್ತೆ. ಮಗು ನಿದ್ದೆ ಮಾಡ್ತಿದ್ರೂ ಎದ್ದಮೇಲೆ ಅದೇ ನೆಲದಲ್ಲಿ ಆಡುತ್ತೆ, ಅದೇ ಕೈ ಬಾಯಿಗೆ ಹಾಕುತ್ತೆ. ಬೆಳೆಯೋ ಮಕ್ಕಳ ಮೆದುಳಿಗೆ ಸೀಸ ಮಾಡೋ ಹಾನಿ ವಾಪಸ್ ಸರಿ ಆಗಲ್ಲ, ಬಸುರಿಯರಿಗೂ ಆಗಬಾರ್ದು.

ಹಾಗಾದ್ರೆ ಏನ್ ಮಾಡೋದು. ಪೇಂಟು ಎಲ್ಲೂ ಎದ್ದಿಲ್ಲ ಅಂದ್ರೆ ಅದರ ಮೇಲೇ ಹೊಸ ಪೇಂಟ್ ಹೊಡೆಸಿ ಸುಮ್ಮನಾಗಿ, ಇದು ನನ್ನ ಮೊದಲ ಸಲಹೆ. ಸಾಗುವಾನಿ ಕಾಣಲೇಬೇಕು ಅಂದ್ರೆ ಕಿಟಕಿ ಬಾಗಿಲುಗಳನ್ನ ಬಿಚ್ಚಿ ಮನೆಯಿಂದ ಆಚೆ ತಗೊಂಡು ಹೋಗಿ, ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾದ್ಮೇಲೆ ಸ್ಕ್ರೇಪರಲ್ಲಿ ಹೆರೆದು, ಉಳಿದಿದ್ದನ್ನ ವಾಟರ್ ಪೇಪರಲ್ಲಿ ನೀರು ಹಾಕಿ ಕೈಯಲ್ಲೇ ಉಜ್ಜಬೇಕು, ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ಬಿದ್ದಿದ್ದೆಲ್ಲ ಕಟ್ಟಿ ತೆಗೀಬೇಕು. ಪೇಂಟಿನ ಚೂರನ್ನ ಒಲೆಗೆ ಹಾಕಬೇಡಿ, ಗಿಡದ ಬುಡಕ್ಕೂ ಬೇಡ. ಗ್ಯಾಸ್ ಬ್ಲೋ ಲ್ಯಾಂಪಲ್ಲಿ ಸುಡೋ ಹಳೆ ಪೇಂಟರ್ ಸಿಕ್ಕಿದ್ರೆ ಕೈ ಮುಗಿದು ಕಳಿಸಿ, ಸೀಸದ ಹೊಗೆ ಧೂಳಿಗಿಂತ ಕೆಟ್ಟದ್ದು. ಪೇಂಟ್ ಪೂರ್ತಿ ಹೋಗಿ ಬರೀ ಮರ ಕಂಡ್ಮೇಲೆ ಬೆಲ್ಟ್ ಸ್ಯಾಂಡರ್ ತನ್ನಿ, ಆಗ್ಲೂ ಆಚೆನೇ.

ಪ್ರ: ಮಳೆಗಾಲದಲ್ಲಿ ಬೆಲ್ಟುಗಳು ಪಟ್ ಅಂತ ಜಾಯಿಂಟಲ್ಲಿ ಬಿಡ್ತಿವೆ. ಡೂಪ್ಲಿಕೇಟ್ ಮಾಲಾ? (ಮೂಡಿಗೆರೆ)

ಉ: ಇರಬಹುದು, ಆದ್ರೆ ಮೊದಲು ನಿಮ್ಮ ಅಟ್ಟದ ತೇವ ನೋಡಿ. ಬೆಲ್ಟು ಅಂದ್ರೆ ಬಟ್ಟೆ, ಅಂಟು, ಕಲ್ಲಿನ ಪುಡಿ ಅಷ್ಟೇ, ಮಲೆನಾಡಿನ ಜುಲೈ ತಿಂಗಳಿಗೆ ಅಂಟು ತಡಿಯಲ್ಲ. ಮಡಚಿ ಇಡಬೇಡಿ, ಮೊಳೆಗೂ ನೇತು ಹಾಕಬೇಡಿ, ಮುಚ್ಚಳ ಇರೋ ಡಬ್ಬಿಯಲ್ಲಿ ಉರುಟಾಗಿ ಇಡಿ. ಬೆಲ್ಟಿನ ಒಳಗಡೆ ಬಾಣದ ಗುರುತು ಇರುತ್ತೆ, ಮೆಷಿನ್ ಮೇಲೂ ಇರುತ್ತೆ, ಎರಡೂ ಒಂದೇ ದಿಕ್ಕಿಗೆ ಇರ್ಬೇಕು, ಉಲ್ಟಾ ಹಾಕಿದ್ರೆ ಜಾಯಿಂಟಿನ ತುಟಿ ಮರಕ್ಕೆ ಸಿಕ್ಕಿ ಕಿತ್ತು ಬರುತ್ತೆ. ಬಾಣ ಇಲ್ಲದ ಬೆಲ್ಟ್ ಎರಡೂ ಕಡೆಗೆ ನಡೆಯೋ ಥರದ್ದು. ಹಾಕೋವಾಗ ಪ್ಲಗ್ ಕಿತ್ತಿರ್ಬೇಕು, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿ. ಹಾಕಿದ್ಮೇಲೆ ಮೆಷಿನ್ ಎತ್ತಿ ಹಿಡಿದು ಒಂದು ಕ್ಷಣ ಆನ್ ಮಾಡಿ ನೋಡಿ, ಬೆಲ್ಟು ಪಕ್ಕಕ್ಕೆ ಸರೀತಿದ್ರೆ ಪಕ್ಕದ ನಾಬ್ ಸ್ವಲ್ಪ ಸ್ವಲ್ಪನೇ ತಿರುಗಿಸಿ ಮಧ್ಯಕ್ಕೆ ತನ್ನಿ. ಅಂಚು ಒಳಗಡೆ ಬಾಡಿಗೆ ಉಜ್ಜಿ ಉಜ್ಜಿ ಹರಿಯೋದೂ ಜಾಯಿಂಟ್ ಬಿಟ್ಟ ಹಾಗೇ ಕಾಣುತ್ತೆ.

ಬೆಲ್ಟಲ್ಲಿ ಅಂಟು ಮೇಣ ತುಂಬಿದ್ರೆ ಬಿಸಾಡಬೇಡಿ, ಇದನ್ನ ಕ್ಲೀನ್ ಮಾಡೋಕೆ ಅಂತಲೇ ಕ್ರೇಪ್ ರಬ್ಬರಿನ ಕಡ್ಡಿ ಸಿಗುತ್ತೆ, ಓಡೋ ಬೆಲ್ಟಿಗೆ ಹಗುರಕ್ಕೆ ತಾಗಿಸಿದ್ರೆ ಕೊಳೆ ಎಲ್ಲ ಎತ್ಕೊಂಡು ಬರುತ್ತೆ. ಉದ್ದ ಕಡ್ಡಿನೇ ತಗೊಳ್ಳಿ, ಬೆರಳುದ್ದದ ತುಂಡು ಹಿಡ್ಕೊಂಡು ಹೋಗಬೇಡಿ, ಮತ್ತೆ ಮೆಷಿನ್ನು ಯಾವುದಕ್ಕಾದ್ರೂ ಗಟ್ಟಿಯಾಗಿ ಕಟ್ಟಿರ್ಬೇಕು.

ಪ್ರ: ಇದೇ ಮೆಷಿನ್ನಲ್ಲಿ ಕಬ್ಬಿಣದ ಗೇಟಿನ ತುಕ್ಕು ತೆಗೀಬಹುದಾ? (ಮಂಡ್ಯ)

ಉ: ತೆಗೀಬಹುದು, ಆದ್ರೆ ಚೀಲ ಬಿಚ್ಚಿಟ್ಟು, ಒಳಗಿನ ಮರದ ಹೊಟ್ಟು ಪೂರ್ತಿ ಕ್ಲೀನ್ ಮಾಡಿ. ಕಬ್ಬಿಣ ಕಿಡಿ ಹಾರಿಸುತ್ತೆ, ಚೀಲದಲ್ಲಿ ಸಾಗುವಾನಿ ಹಿಟ್ಟು ತುಂಬಿದೆ, ಮುಂದಿನದ್ದು ನಿಮಗೇ ಗೊತ್ತು. ಆ ಕಿಡಿ ಒಳಗೊಳಗೇ ಕನಲ್ತಾ ಇದ್ದು ನೀವು ಊಟಕ್ಕೆ ಹೋದ್ಮೇಲೆ ಹೊತ್ತಿಕೊಳ್ಳುತ್ತೆ. ಹಳೆ ಮರದಲ್ಲಿ ಮೊಳೆ ಉಳಿದಿದ್ರೂ ಇದೇ ಕಥೆ, ಉಜ್ಜೋಕೆ ಮುಂಚೆ ಅಂಗೈ ಆಡಿಸಿ ನೋಡಿ ಕಿತ್ತು ಬಿಡಿ. ಚೀಲ ಅರ್ಧ ತುಂಬಿದ್ರೆ ಖಾಲಿ ಮಾಡಿ, ರಾತ್ರಿ ಯಾವತ್ತೂ ತುಂಬಿದ ಚೀಲ ಮನೆಯೊಳಗೆ ಇಡಬೇಡಿ. ಪಾಲಿಶ್ ಮಾಡಿದ ಅಗಸೆ ಎಣ್ಣೆ ಬಟ್ಟೆನೂ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ಬೆಂಕಿ ಕಡ್ಡಿ ಇಲ್ಲದೇನೂ ತಾನಾಗೇ ಕಾದು ಹೊತ್ತುತ್ತೆ, ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಪ್ರ: ಪ್ಲೈವುಡ್ ಟೇಬಲ್ ಉಜ್ಜಿದೆ, ಅಲ್ಲಲ್ಲಿ ಬೇರೆ ಬಣ್ಣದ ಮಚ್ಚೆ ಬಂದಿದೆ. ಪಾಲಿಶಲ್ಲಿ ಹೋಗುತ್ತಾ? (ತುಮಕೂರು)

ಉ: ಹೋಗಲ್ಲ. ಮೇಲಿನ ಪದರ ಅರ್ಧ ಮಿಲಿಮೀಟರೂ ಇರಲ್ಲ, ನೀವು ಅದನ್ನ ದಾಟಿ ಒಳಗಿನ ಪದರಕ್ಕೆ ಹೋಗಿದೀರಿ. ಸನ್ಮೈಕ ಅಂಟಿಸಿ. ಪ್ಲೈಗೆ ಬೆಲ್ಟ್ ಸ್ಯಾಂಡರ್ ತರೋದೇ ತಪ್ಪು, ಅದಕ್ಕೆ ಸಣ್ಣ ಆರ್ಬಿಟಲ್ ಸ್ಯಾಂಡರ್ (ಬೆಲ್ಟ್ ಇಲ್ಲದೆ ಪೇಪರನ್ನ ಸಣ್ಣ ಸಣ್ಣ ಸುತ್ತಲ್ಲಿ ಆಡಿಸೋದು), ಇಲ್ಲಾಂದ್ರೆ ಕೈಯಲ್ಲಿ 180 ನಂಬರ್ ಪೇಪರ್.

ಪ್ರ: ಭಾವ ಅಮೆರಿಕಾದಿಂದ ಬರುವಾಗ ಒಳ್ಳೆ ಬೆಲ್ಟ್ ಸ್ಯಾಂಡರ್ ತಂದುಕೊಟ್ಟಿದಾರೆ. ಪಿನ್ ಬೇರೆ ಇದೆ, ಅಂಗಡಿಯಲ್ಲಿ ಸಿಗೋ ಅಡಾಪ್ಟರ್ ಹಾಕಿದ್ರೆ ಸಾಕಾ? (ಮೈಸೂರು)

ಉ: ಪಿನ್ ಬದಲಾಯಿಸೋ ಅಡಾಪ್ಟರ್ ಪಿನ್ ಮಾತ್ರ ಬದಲಾಯಿಸುತ್ತೆ. ಅಲ್ಲಿಂದು 120 ವೋಲ್ಟ್, ನಮ್ಮದು 230. ಹಾಕಿದ್ರೆ ಬೆಲ್ಟು ಎರಡರಷ್ಟು ಸ್ಪೀಡಲ್ಲಿ ಒಂದು ಕ್ಷಣ ಕಿರುಚಿ, ಮೋಟರ್ ಹೊಗೆ ಬಿಟ್ಟು, ಭಾವನ ಪ್ರೀತಿ ಅಲ್ಲಿಗೇ ಮುಗಿಯುತ್ತೆ. ಮೆಷಿನ್ ಮೇಲೆ 8 ಆಂಪ್ಸ್ ಅಂತಿದ್ರೆ 120ರಿಂದ ಗುಣಿಸಿ, 960 ವಾಟ್ ಬರುತ್ತೆ, ಅದಕ್ಕೆ 230 ವೋಲ್ಟನ್ನ 120ಕ್ಕೆ ಇಳಿಸೋ 1500 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದು ಮೆಷಿನ್ನಿಗಿಂತ ಭಾರ. ಬೆಲ್ಟ್ ಸೈಜು ಮಾತ್ರ ಅಲ್ಲಿಯ 3 ಇಂಚು 21 ಇಂಚು ಅಂದ್ರೆ ಇಲ್ಲಿಯ 76 ಇಂಟು 533 ಮಿಲಿಮೀಟರ್, ಎರಡೂ ಒಂದೇ, ಅದಕ್ಕೆ ಚಿಂತೆ ಇಲ್ಲ. ಟ್ರಾನ್ಸ್‌ಫಾರ್ಮರ್ ತರೋ ತನಕ ಪೆಟ್ಟಿಗೆ ಬಿಚ್ಚಬೇಡಿ, ಮನೆಯಲ್ಲಿ ಯಾರಾದ್ರೂ ಹಾಕಿ ನೋಡೇ ನೋಡ್ತಾರೆ.